ಬಂಡೆಯ ಪದರ ಅಳೆಯಲು ಯಾವುದು ಸರಿ: ಟೇಪಾ, ಕೋಲಾ, ಮೊಬೈಲಾ?

ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಭೂವಿಜ್ಞಾನ ಓದಲು ಪುಣೆಗೆ ಬರುವ ಹುಡುಗ ಹುಡುಗಿಯರು ಮೊದಲ ಫೀಲ್ಡ್‌ಗೆ ಹೊರಡುವ ಮುಂಚೆ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪದರಗಳ ದಪ್ಪ ಅಳೆಯಲು ಏನು ಕೊಳ್ಳಬೇಕು, ಟೇಪ್ ಸಾಕಾ, ಲೇಸರ್ ಬೇಕಾ, ಮೊಬೈಲ್‌ನಲ್ಲೇ ಆಗಿಬಿಡಲ್ವಾ? ನನ್ನ ಉತ್ತರ ಯಾವಾಗಲೂ ಇನ್ನೊಂದು ಪ್ರಶ್ನೆ: ಎಲ್ಲಿ ಅಳೆಯುತ್ತೀರಿ? ಗೋವಾದ ಕಡಲದಂಡೆಯಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುವ ಅದೇ ಟೇಪ್, ಪುಣೆಯ ಗುಡ್ಡದಲ್ಲಿ ಅರ್ಧ ದಿನ ತಿಂದು ಕೊನೆಗೆ ತಪ್ಪು ಅಂಕಿ ಕೊಡುತ್ತದೆ. ಹಾಗಾಗಿ ಉಪಕರಣಗಳ ಪಟ್ಟಿ ಕೊಡುವ ಬದಲು ಜಾಗದಿಂದ ಜಾಗಕ್ಕೆ ಹೋಗೋಣ.

ಮೊದಲು ಪದರ ಎಷ್ಟು ವಾಲಿದೆ ನೋಡಿ

ಪದರದ ದಪ್ಪ ಅಂದರೆ ಅದರ ಕೆಳಮೈಯಿಂದ ಮೇಲ್ಮೈಗೆ ನೇರ ಅಡ್ಡವಾಗಿ ಇರುವ ದೂರ. ಇಷ್ಟೇ ವಿಷಯ. ತೊಂದರೆ ಏನಂದರೆ, ನಾವು ನಡೆಯುವ ನೆಲ ಹಾಗೆ ನೇರ ಅಡ್ಡವಾಗಿ ಇರುವುದು ಅಪರೂಪ. ಪದರ ಒಂದು ಕಡೆ ವಾಲಿರುತ್ತದೆ (ಇದನ್ನೇ ಡಿಪ್ ಅನ್ನುತ್ತೇವೆ), ನೆಲ ಇನ್ನೊಂದು ಕಡೆ ಇಳಿದಿರುತ್ತದೆ, ನಾವು ಮೂರನೇ ದಿಕ್ಕಿಗೆ ನಡೆದಿರುತ್ತೇವೆ. ಆಮೇಲೆ ಮನೆಗೆ ಬಂದು ಸೈನ್, ಕೊಸೈನ್ ಹಾಕಿ ಅದನ್ನೆಲ್ಲ ಸರಿಮಾಡುತ್ತೇವೆ. ಸರಿಮಾಡುವ ಲೆಕ್ಕ ಎಷ್ಟು ದೊಡ್ಡದೋ ತಪ್ಪು ನುಸುಳುವ ಜಾಗವೂ ಅಷ್ಟು ದೊಡ್ಡದು.

ಆದ್ದರಿಂದ ಒಂದೇ ಒಂದು ನಿಯಮ ಇಟ್ಟುಕೊಳ್ಳಿ: ಪದರಕ್ಕೆ ಎಷ್ಟು ಅಡ್ಡವಾಗಿ ಸಾಗುವ ದಾರಿ ಸಿಗುತ್ತದೋ ಅಷ್ಟು ಒಳ್ಳೆಯದು. ಮಟ್ಟಸವಾಗಿ ಮಲಗಿದ ಪದರಕ್ಕೆ ಕಡಿದಾದ ಗೋಡೆ ಬೇಕು. ನೆಟ್ಟಗೆ ನಿಂತ ಪದರಕ್ಕೆ ಸಪಾಟು ನೆಲ ಬೇಕು. ಉಪಕರಣ ಆಮೇಲೆ. ದುಬಾರಿ ಸಾಮಾನು ತಂದು ತಪ್ಪು ದಾರಿಯಲ್ಲಿ ಅಳೆಯುವವರಿಗಿಂತ, ಸರಿಯಾದ ಗೋಡೆ ಹುಡುಕಿಕೊಂಡು ಬರಿ ಹಗ್ಗ ಇಳಿಬಿಡುವವರ ಅಂಕಿಯನ್ನೇ ನಾನು ಜಾಸ್ತಿ ನಂಬುತ್ತೇನೆ.

ನಮ್ಮ ಅದೃಷ್ಟಕ್ಕೆ ಈ ಭಾಗದಲ್ಲಿ ಮೂರೂ ತರಹದ ಜಾಗ ಸಿಗುತ್ತವೆ. ಪುಣೆ ಸುತ್ತ ಲಾವಾ ಪದರಗಳು ಒಂದರ ಮೇಲೊಂದು ಪೇರಿಸಿದ ಭಕ್ರಿಯ ಹಾಗೆ ಹೆಚ್ಚುಕಡಿಮೆ ಸಪಾಟಾಗಿ ಮಲಗಿವೆ. ಘಟ್ಟ ಇಳಿದು ಪನ್ವೇಲ್ ದಾಟಿದರೆ ಅವೇ ಲಾವಾ ಪದರಗಳು ಪಶ್ಚಿಮಕ್ಕೆ, ಕಡಲಿನ ಕಡೆಗೆ ಬಾಗಿವೆ. ಇದನ್ನು ಪನ್ವೇಲ್ ಫ್ಲೆಕ್ಷರ್ ಅನ್ನುತ್ತಾರೆ. ಮುಂಬೈನಲ್ಲಿ ಹತ್ತು ಹದಿನೈದು ಡಿಗ್ರಿ ಡಿಪ್ ಸಾಮಾನ್ಯ. ಗೋವಾದಲ್ಲಿ ಕಥೆಯೇ ಬೇರೆ. ಅಲ್ಲಿರುವುದು ನಮ್ಮ ಧಾರವಾಡ ಸರಣಿಯ ಹಳೆಯ ಬಂಡೆಗಳು, ಮಡಚಿ ಮುದುಡಿ ಹಲವು ಕಡೆ ನೆಟ್ಟಗೆ ನಿಂತಿವೆ.

ಪುಣೆ: ಎತ್ತರ ಅಳೆದರೆ ಸಾಕು

ಡೆಕ್ಕನ್ ಟ್ರ್ಯಾಪ್ ಸುಮಾರು 6.6 ಕೋಟಿ ವರ್ಷ ಹಿಂದೆ ಹರಿದ ಲಾವಾ. ಇವತ್ತು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಪುಣೆಯ ಸುತ್ತ ಡಿಪ್ ಒಂದು ಡಿಗ್ರಿಯೂ ಇರುವುದಿಲ್ಲ. ಅಂದರೆ ಎರಡು ಗಡಿಗಳ ನಡುವಿನ ಎತ್ತರದ ವ್ಯತ್ಯಾಸವೇ ದಪ್ಪ. ಸೈನ್ ಬೇಡ, ಕೊಸೈನ್ ಬೇಡ. ಒಂದು ಎಚ್ಚರಿಕೆ ಮಾತ್ರ: ಅರ್ಧ ಡಿಗ್ರಿ ವಾಲಿದರೂ ಒಂದು ಕಿಲೋಮೀಟರಿಗೆ ಸುಮಾರು 9 ಮೀಟರ್ ಇಳಿಯುತ್ತದೆ. ಗುಡ್ಡದ ಈ ಮಗ್ಗುಲಲ್ಲಿ ಪದರದ ತಳ, ಆ ಮಗ್ಗುಲಲ್ಲಿ ಅದರ ತಲೆ ಅಳೆದು ಕಳೆದರೆ ಆ 9 ಮೀಟರ್ ದಪ್ಪದೊಳಗೆ ಸೇರಿಕೊಂಡುಬಿಡುತ್ತದೆ. ಒಂದೇ ಏರಿನಲ್ಲಿ ಕೆಳಗಿನಿಂದ ಮೇಲಕ್ಕೆ ಅಳೆಯಿರಿ.

ಇಲ್ಲಿ ನನ್ನ ಮೊದಲ ಆಯ್ಕೆ ಹಳೆಯ ಕಣ್ಣೆತ್ತರದ ವಿಧಾನ. ಆಬ್ನಿ ಲೆವೆಲ್ ಅಥವಾ ಬ್ರಂಟನ್ ಕಂಪಾಸ್ಸನ್ನು (ಎರಡೂ ಮಟ್ಟ, ಕೋನ ನೋಡುವ ಕೈ ಉಪಕರಣಗಳು) ಸೊನ್ನೆ ಡಿಗ್ರಿಗೆ ಇಟ್ಟು, ಪದರದ ತಳದಲ್ಲಿ ನಿಂತು ಎದುರಿನ ಏರಿನ ಮೇಲೆ ಕಣ್ಣಿಗೆ ಸಮವಾದ ಜಾಗ ಗುರುತಿಸಬೇಕು. ಒಂದು ಕಲ್ಲು, ಒಂದು ಹುಲ್ಲಿನ ಬುಡ, ಏನಾದರೂ ಸರಿ. ಅಲ್ಲಿಗೆ ಹತ್ತಿ ನಿಂತು ಮತ್ತೆ ನೋಡಬೇಕು. ಪ್ರತಿ ಸಲಕ್ಕೂ ನಿಮ್ಮ ಕಣ್ಣೆತ್ತರದಷ್ಟು ಮೇಲೆ ಬಂದಿರುತ್ತೀರಿ. ನಿಮ್ಮ ಕಣ್ಣೆತ್ತರ 1.55 ಮೀಟರ್ ಇದ್ದರೆ, ಇಪ್ಪತ್ತು ನಿಲುಗಡೆಗೆ 31 ಮೀಟರ್. ಒಬ್ಬರೇ ಮಾಡಬಹುದು, ಸದ್ದಿಲ್ಲ, ಬ್ಯಾಟರಿ ಇಲ್ಲ. ಕಣ್ಣೆತ್ತರವನ್ನು ಫೀಲ್ಡ್ ಬೂಟು ಹಾಕಿಕೊಂಡೇ ಅಳೆಸಿಕೊಳ್ಳಿ, ಬರಿಗಾಲಿನ ಅಳತೆ ಇಲ್ಲಿ ನಡೆಯುವುದಿಲ್ಲ.

ಇದರ ದೌರ್ಬಲ್ಯವೂ ಗೊತ್ತಿರಲಿ. ಹೆಜ್ಜೆ ಒಂದಿಷ್ಟು ಮೇಲೆ ಕೆಳಗೆ ಆಗುವ ತಪ್ಪು ಒಂದನ್ನೊಂದು ಕಳೆದುಕೊಳ್ಳುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಲೆವೆಲ್‌ನ ಬಬಲ್ಲೇ ಅರ್ಧ ಡಿಗ್ರಿ ಸೊಟ್ಟಗಿದ್ದರೆ, ನಾಲ್ಕು ಮೀಟರ್ ದೂರಕ್ಕೆ ಮೂರೂವರೆ ಸೆಂಟಿಮೀಟರ್ ತಪ್ಪು, ಅದೂ ಪ್ರತಿ ಸಲ ಒಂದೇ ಕಡೆಗೆ. ಇಪ್ಪತ್ತು ನಿಲುಗಡೆಯಲ್ಲಿ 70 ಸೆಂಟಿಮೀಟರ್ ಆಯಿತು. ಪದರಗಳ ನಡುವಿನ ಒಂದು ಕೆಂಪು ಮಣ್ಣಿನ ಪಟ್ಟಿಯನ್ನೇ ಅದು ನುಂಗಬಹುದು.

ಎರಡನೇ ಆಯ್ಕೆಯನ್ನು ಪುಸ್ತಕಗಳು ಹೇಳುವುದಿಲ್ಲ, ಗೌಂಡಿಗಳು ಹೇಳುತ್ತಾರೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ತುದಿಯ ಮಟ್ಟ ನೋಡುವುದು. ಪುಣೆಯಲ್ಲಿ ಯಾವ ಕಟ್ಟಡದ ಕೆಲಸದ ಹತ್ತಿರ ಹೋದರೂ ವಿಜಯಪುರ, ಕಲಬುರಗಿ ಕಡೆಯ ಒಬ್ಬರಾದರೂ ಸಿಗುತ್ತಾರೆ. "ಯಾವ ಊರ್ರಿ ನಿಮ್ಮದು?" ಅಂತ ಶುರುಮಾಡಿದರೆ ಪೈಪನ್ನು ಒಂದು ದಿನದ ಮಟ್ಟಿಗೆ ಕೊಡುವುದಷ್ಟೇ ಅಲ್ಲ, ಒಳಗಿನ ಗಾಳಿಗುಳ್ಳೆ ಹೇಗೆ ತೆಗೆಯಬೇಕು ಅಂತಲೂ ತೋರಿಸಿಕೊಡುತ್ತಾರೆ. ಗುಳ್ಳೆ ಉಳಿದರೆ ಮಟ್ಟ ಸುಳ್ಳು ಹೇಳುತ್ತದೆ. ಇಬ್ಬರು ಬೇಕು, ನಿಧಾನ, ಮುಳ್ಳುಕಂಟಿಯಲ್ಲಿ ಪೈಪ್ ಎಳೆಯುವುದು ತಲೆನೋವು. ಆದರೆ ಸೆಂಟಿಮೀಟರ್ ಮಟ್ಟದ ನಿಖರತೆ ಬೇಕಿದ್ದು ಕೈಯಲ್ಲಿ ದುಡ್ಡಿಲ್ಲದಿದ್ದರೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮೂರನೆಯದು ಆಲ್ಟಿಮೀಟರ್, ಅಂದರೆ ಗಾಳಿಯ ಒತ್ತಡ ನೋಡಿ ಎತ್ತರ ಹೇಳುವುದು. ಈಗ ಹಲವು ಮೊಬೈಲ್, ವಾಚುಗಳಲ್ಲೇ ಇರುತ್ತದೆ. ಸಿಂಹಗಡದಂಥ ಗುಡ್ಡ, ಸಮುದ್ರ ಮಟ್ಟದಿಂದ 1300 ಮೀಟರಿಗೂ ಮೇಲೆ ತಲೆ ಎತ್ತಿರುವುದು, ಬುಡದಿಂದ ಕೋಟೆ ಬಾಗಿಲವರೆಗೆ ಕಣ್ಣೆತ್ತರದಲ್ಲಿ ಅಳೆಯುವ ತಾಳ್ಮೆ ಯಾರಿಗಿದೆ? ಅಲ್ಲಿ ಆಲ್ಟಿಮೀಟರ್ ಬೇಕೇ ಬೇಕು. ಆದರೆ ಒಂದು ಸಂಗತಿ ಮರೆಯಬಾರದು. ನಮ್ಮ ಉಷ್ಣ ಸೀಮೆಯಲ್ಲಿ ಗಾಳಿಯ ಒತ್ತಡ ದಿನವೂ ಏರಿಳಿಯುತ್ತದೆ. ಬೆಳಿಗ್ಗೆ ಹತ್ತು ಗಂಟೆ ಸುಮಾರಿಗೆ ಅತಿ ಜಾಸ್ತಿ, ಸಂಜೆ ನಾಲ್ಕರ ಸುಮಾರಿಗೆ ಅತಿ ಕಡಿಮೆ. ಎರಡರ ನಡುವೆ ಮೂರು ಹೆಕ್ಟೋಪಾಸ್ಕಲ್ ವ್ಯತ್ಯಾಸ ಮಾಮೂಲು. ಪುಣೆಯ ಎತ್ತರದಲ್ಲಿ ಒಂದು ಹೆಕ್ಟೋಪಾಸ್ಕಲ್ ಅಂದರೆ ಸುಮಾರು 9 ಮೀಟರ್. ಲೆಕ್ಕ ಹಾಕಿ: ನೀವು ಒಂದೇ ಕಲ್ಲಿನ ಮೇಲೆ ಕೂತು ಬೆಳಿಗ್ಗೆಯಿಂದ ಸಂಜೆವರೆಗೆ ಪಿಠಲ ಭಕ್ರಿ ತಿಂದುಕೊಂಡು ಇದ್ದರೂ ಉಪಕರಣದ ಪ್ರಕಾರ 25–30 ಮೀಟರ್ ಮೇಲೆ ಹೋಗಿರುತ್ತೀರಿ. ಅಷ್ಟರಲ್ಲಿ ಒಂದು ಇಡೀ ಲಾವಾ ಪದರ ಬಂದು ಹೋಗುತ್ತದೆ.

ಪರಿಹಾರ ಸುಲಭ. ಟೋಪೋಶೀಟಿನಲ್ಲಿ (ನೆಲದ ಏರಿಳಿತ ತೋರಿಸುವ ನಕ್ಷೆ) ಎತ್ತರ ಬರೆದಿರುವ ಜಾಗದಲ್ಲಿ ಶುರುಮಾಡಿ, ಪ್ರತಿ ಓದಿನ ಪಕ್ಕ ಗಡಿಯಾರದ ವೇಳೆ ಬರೆಯಿರಿ, ಅದೇ ಜಾಗಕ್ಕೆ ವಾಪಸ್ ಬಂದು ಮತ್ತೊಮ್ಮೆ ಓದಿ. ಬಂದ ವ್ಯತ್ಯಾಸವನ್ನು ವೇಳೆಯ ಪ್ರಕಾರ ಹಂಚಿ. ನಡುವೆ ಇನ್ನೊಂದೆರಡು ಗೊತ್ತಿರುವ ಎತ್ತರ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಒತ್ತಡ ದಿನವಿಡೀ ಒಂದೇ ವೇಗದಲ್ಲಿ ಬದಲಾಗುವುದಿಲ್ಲ. ವೇಳೆ ಬರೆಯದ ಆಲ್ಟಿಮೀಟರ್ ಓದುಗಳನ್ನು ನಾನು ಯಾರ ಡೈರಿಯಲ್ಲಿ ಕಂಡರೂ ಪಕ್ಕಕ್ಕಿಡುತ್ತೇನೆ.

ಮೊಬೈಲ್‌ನ ಜಿಪಿಎಸ್ ಎತ್ತರ? ಬೇಡ. ಅಕ್ಷಾಂಶ ರೇಖಾಂಶಕ್ಕೆ ಜಿಪಿಎಸ್ ಒಳ್ಳೆಯದು, ಎತ್ತರಕ್ಕೆ ಅದರ ತಪ್ಪು ಹತ್ತು ಮೀಟರ್ ದಾಟುವುದು ಏನೂ ವಿಶೇಷವಲ್ಲ, ಕಡಿದಾದ ಗೋಡೆಯ ಪಕ್ಕದಲ್ಲಂತೂ ಇನ್ನೂ ಜಾಸ್ತಿ. ಮತ್ತೊಂದು ತೊಡಕಿದೆ. ಕೆಲವು ಆ್ಯಪ್‌ಗಳು ಸಮುದ್ರ ಮಟ್ಟದಿಂದ ಎತ್ತರ ಹೇಳುತ್ತವೆ, ಇನ್ನು ಕೆಲವು ಭೂಮಿಯ ಗಣಿತದ ಆಕಾರದಿಂದ. ನಮ್ಮ ಪಶ್ಚಿಮ ಭಾರತದಲ್ಲಿ ಎರಡಕ್ಕೂ ಅರವತ್ತು ಮೀಟರ್ ಆಸುಪಾಸಿನ ಅಂತರ. ಒಂದೇ ಗುಂಪಿನ ಇಬ್ಬರು ಒಂದೇ ಬಂಡೆಗೆ ಎರಡು ಎತ್ತರ ಹೇಳಿ ಜಗಳಕ್ಕೆ ನಿಲ್ಲುವುದು ಇದರಿಂದಲೇ.

ಕೊನೆಗೆ ನಾನು ಹೇಳುವುದು ಬೆರಕೆ ವಿಧಾನ. ಗುಡ್ಡದ ಒಟ್ಟು ಚೌಕಟ್ಟಿಗೆ ಆಲ್ಟಿಮೀಟರ್, ಒಂದೊಂದು ಪದರಕ್ಕೆ ಕಣ್ಣೆತ್ತರ, ಒಂದು ಮೀಟರಿಗಿಂತ ತೆಳುವಾದದ್ದಕ್ಕೆ ಟೇಪ್. ಕಲ್ಲಿನ ಕ್ವಾರಿಯಲ್ಲಾದರೆ ಮೇಲಿನಿಂದ ಟೇಪಿಗೆ ತೂಕದ ಗುಂಡು ಕಟ್ಟಿ ಇಳಿಬಿಟ್ಟರೆ ಮುಗಿಯಿತು, ಆದರೆ ಅಂಚಿನಲ್ಲಿ ಬಗ್ಗಬೇಡಿ, ಮಾಲೀಕರಿಗೆ ಹೇಳದೆ ಒಳಗೆ ಹೋಗಬೇಡಿ, ಸ್ಫೋಟದ ವೇಳೆ ಕೇಳಿಕೊಳ್ಳಿ. ವಾಘೋಲಿ ಕಡೆಯ ಕ್ವಾರಿಗಳಲ್ಲಿ ಸಿಗುವ ಕ್ಯಾವನ್‌ಸೈಟ್ ಅನ್ನೋ ಕಡುನೀಲಿ ಖನಿಜದ ಆಸೆಗೆ ಗೋಡೆಯ ಬುಡಕ್ಕೆ ಹೋಗಿ ನಿಲ್ಲುವವರಿದ್ದಾರೆ. ಮೇಲಿನ ಕಲ್ಲು ಸಡಿಲ ಇರುತ್ತದೆ ಅನ್ನುವುದು ನೆನಪಿರಲಿ.

ಮುಂಬೈ: ಕೋಲಿನ ಊರು, ಆದರೆ ಎಲ್ಲ ಕಡೆ ಅಲ್ಲ

ಪದರ ಹನ್ನೆರಡು ಡಿಗ್ರಿ ವಾಲಿದೆ ಅಂದುಕೊಳ್ಳಿ. ಇಂಥ ಕಡೆಗೆಂದೇ ಜೇಕಬ್ ಸ್ಟಾಫ್ ಇರುವುದು. ಒಂದೂವರೆ ಮೀಟರ್ ಕೋಲು, ಹತ್ತು ಸೆಂಟಿಮೀಟರಿಗೊಂದು ಗುರುತು, ತುದಿಯಲ್ಲಿ ಕೋನ ಅಳೆಯುವ ಕ್ಲೈನೋಮೀಟರ್. ಕ್ಲೈನೋಮೀಟರನ್ನು ಡಿಪ್‌ಗೆ ಸರಿಹೊಂದಿಸಿ, ಕೋಲನ್ನು ಬಬಲ್ ನಡುವೆ ಬರುವಷ್ಟು ವಾಲಿಸಿ ನಿಲ್ಲಿಸಿದರೆ ಕೋಲು ಪದರಕ್ಕೆ ನೇರ ಅಡ್ಡವಾಗುತ್ತದೆ. ಆಗ ತುದಿಯಿಂದ ನೋಡಿದ ನೋಟ ನೆಲಕ್ಕೆ ತಾಗುವ ಜಾಗ ಸರಿಯಾಗಿ ಒಂದೂವರೆ ಮೀಟರ್ ಮೇಲಿನ ಪದರ. ಲೆಕ್ಕ ಬೇಕಿಲ್ಲ, ನಿಜವಾದ ದಪ್ಪವೇ ಕೈಗೆ ಬರುತ್ತದೆ. ಒಂದು ಪದರದಿಂದ ಇನ್ನೊಂದಕ್ಕೆ ಹತ್ತುತ್ತಾ ಅಲ್ಲಲ್ಲೇ ಬರೆದುಕೊಳ್ಳುತ್ತಾ ಹೋಗಬಹುದು. ಬಂಡೆ ನೋಡುವುದು, ಅಳೆಯುವುದು ಎರಡೂ ಒಟ್ಟಿಗೆ ನಡೆಯುತ್ತದೆ ಅನ್ನೋದು ನನಗೆ ಇಷ್ಟವಾದ ಅಂಶ.

ಆದರೆ ಇದೇ ಕೋಲನ್ನು ಬಾಂದ್ರಾ ಕಡಲದಂಡೆಯ ಸಪಾಟು ಬಂಡೆಯ ಮೇಲೆ ತಂದರೆ? ಹನ್ನೆರಡು ಡಿಗ್ರಿ ಡಿಪ್‌ನಲ್ಲಿ ಕೋಲಿನ ತುದಿಯ ನೋಟ ನೆಲಕ್ಕೆ ತಾಗುವುದು ಏಳು ಮೀಟರ್ ಆಚೆಗೆ. ಒಂದು ಡಿಗ್ರಿ ಹೆಚ್ಚುಕಡಿಮೆ ಆದರೆ 12 ಸೆಂಟಿಮೀಟರ್ ತಪ್ಪು, ಅಂದರೆ ಒಂದೂವರೆ ಮೀಟರಿಗೆ ಎಂಟು ಪ್ರತಿಶತ. ಸರಿ, ಟೇಪ್ ಹಿಡಿಯೋಣ ಅಂದರೆ ಅಲ್ಲೂ ಅದೇ ಕಥೆ. 50 ಮೀಟರ್ ನೆಲದ ಉದ್ದಕ್ಕೆ ಹನ್ನೆರಡು ಡಿಗ್ರಿಯ ಸೈನ್ ಗುಣಿಸಿದರೆ ದಪ್ಪ 10.4 ಮೀಟರ್. ಡಿಪ್ ಹತ್ತು ಡಿಗ್ರಿ ಅಂತ ಓದಿದ್ದರೆ 8.7, ಹದಿನಾಲ್ಕು ಅಂತ ಓದಿದ್ದರೆ 12.1. ಟೇಪ್ ಮಿಲಿಮೀಟರ್‌ವರೆಗೆ ನಿಖರ ಇದ್ದು ಏನು ಬಂತು?

ಅದೇ ಪದರ ಯಾವುದಾದರೂ ರಸ್ತೆಗೆ ಕಡಿದ ನೆಟ್ಟಗಿನ ಗೋಡೆಯಲ್ಲಿ ಕಂಡರೆ, ನೇರ ಎತ್ತರಕ್ಕೆ ಕೊಸೈನ್ ಹಾಕಬೇಕು. ಅಲ್ಲಿ ಡಿಪ್ ಹತ್ತು ಅನ್ನಿ, ಹದಿನಾಲ್ಕು ಅನ್ನಿ, ಉತ್ತರದಲ್ಲಿ ಎರಡು ಪ್ರತಿಶತವೂ ವ್ಯತ್ಯಾಸ ಬರುವುದಿಲ್ಲ. ಮೇಲೆ ಹೇಳಿದ ನಿಯಮ ಇದೇ. ಮುಂಬೈನಲ್ಲಿ ಗೋಡೆ, ಕಡಿದಾದ ಏರು ಸಿಕ್ಕರೆ ಕೋಲು. ಸಪಾಟು ದಂಡೆಯಷ್ಟೇ ಸಿಕ್ಕರೆ ಟೇಪ್, ಯಾಕೆಂದರೆ ತಪ್ಪು ಎರಡರಲ್ಲೂ ಒಂದೇ, ಟೇಪಿನಲ್ಲಿ ಬೇಗ ಮುಗಿಯುತ್ತದೆ. ಉಳಿದ ವೇಳೆಯನ್ನು ಡಿಪ್ ಸರಿಯಾಗಿ ಅಳೆಯಲು ಬಳಸಿ. ಕೈಯಗಲದ ಬಂಡೆಯ ಮೇಲೆ ಕಂಪಾಸ್ ಇಟ್ಟು ಓದಿದ ಡಿಪ್ ಇಂಥ ಕಡೆ ಏನಕ್ಕೂ ಸಾಲದು. ಒಂದೇ ಗಡಿಯನ್ನು ಮೂವತ್ತು ನಲವತ್ತು ಮೀಟರ್ ದೂರದವರೆಗೆ ಹಿಂಬಾಲಿಸಿ, ಎತ್ತರ ಎಷ್ಟು ಇಳಿಯಿತು ಅಂತ ಲೆವೆಲ್‌ನಲ್ಲಿ ನೋಡಿ ಕೋನ ತೆಗೆದರೆ ನಂಬಬಹುದು. ದಂಡೆಯಲ್ಲಿ ಕೆಲಸ ಇದ್ದರೆ ಇಳಿತದ ವೇಳಾಪಟ್ಟಿ ಮೊದಲೇ ನೋಡಿಕೊಳ್ಳಿ. ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ನಾಲ್ಕು ಮೀಟರಿಗೂ ಜಾಸ್ತಿ ಏರಿಳಿಯುತ್ತದೆ, ನೀವು ಬರೆಯುತ್ತಾ ಕೂತಿರುವಾಗ ಹಿಂದಿನ ದಾರಿ ಮುಳುಗಿರುತ್ತದೆ.

ಅಂಧೇರಿಯ ಗಿಲ್ಬರ್ಟ್ ಹಿಲ್ ಬಗ್ಗೆ ಒಂದು ಮಾತು. ಸುಮಾರು 60 ಮೀಟರ್ ಎತ್ತರದ ಬಸಾಲ್ಟ್ (ಲಾವಾ ಆರಿ ಆದ ಕರಿಕಲ್ಲು) ಕಂಬಗಳ ಗೋಡೆ, ನೋಡಿದವರೆಲ್ಲ ಡೈರಿಯಲ್ಲಿ "ದಪ್ಪ 60 ಮೀ" ಅಂತ ಬರೆಯುತ್ತಾರೆ. ಅದು ಇವತ್ತು ಕಾಣುವ ಎತ್ತರ ಅಷ್ಟೇ. ಬುಡವೂ ಕಾಣುವುದಿಲ್ಲ, ತಲೆ ಎಷ್ಟು ಸವೆದಿದೆಯೋ ಯಾರಿಗೆ ಗೊತ್ತು. ಎರಡು ಗಡಿಯಲ್ಲಿ ಒಂದು ಕಾಣದಿದ್ದರೂ "ಕನಿಷ್ಠ" ಅನ್ನುವ ಪದ ಸೇರಿಸಿ ಬರೆಯಿರಿ. ಪುಣೆ, ಗೋವಾ ಎಲ್ಲ ಕಡೆಗೂ ಇದು ಅನ್ವಯಿಸುತ್ತದೆ.

ಗೋವಾ: ಟೇಪ್ ಗೆಲ್ಲುತ್ತದೆ, ಕಂಪಾಸ್ ಸೋಲುತ್ತದೆ

ನೆಟ್ಟಗೆ ನಿಂತ ಪದರಗಳನ್ನು ಅಳೆಯಲು ಕಡಲದಂಡೆಯ ಸಪಾಟು ಬಂಡೆಗಿಂತ ಒಳ್ಳೆಯ ಜಾಗ ಇಲ್ಲ. ಡಿಪ್ ಎಪ್ಪತ್ತು ಡಿಗ್ರಿ ಇದ್ದಾಗ ಎರಡು ಡಿಗ್ರಿ ತಪ್ಪು ಓದಿದರೂ ದಪ್ಪದಲ್ಲಿ ಸುಮಾರು ಒಂದು ಪ್ರತಿಶತ ಬದಲಾಗಬಹುದು, ಅಷ್ಟೆ. ಮುಂಬೈ ಲೆಕ್ಕದ ಪಕ್ಕ ಇಟ್ಟು ನೋಡಿ. ಹಾಗಾಗಿ ಇಲ್ಲಿ ಟೇಪ್ ಚಾಚಿ, ಕಣ್ಣು ಮುಚ್ಚಿ. ಒಂದೇ ಷರತ್ತು: ಪದರಗಳು ಸಾಗುವ ದಿಕ್ಕಿಗೆ, ಅಂದರೆ ಸ್ಟ್ರೈಕ್‌ಗೆ, ನೇರ ಅಡ್ಡವಾಗಿ ಚಾಚಬೇಕು. ಗೋವಾದಲ್ಲಿ ಸ್ಟ್ರೈಕ್ ಬಹುಪಾಲು ವಾಯವ್ಯದಿಂದ ಆಗ್ನೇಯಕ್ಕೆ, ದಂಡೆ ಹೆಚ್ಚುಕಡಿಮೆ ಉತ್ತರ ದಕ್ಷಿಣ. ದಂಡೆಗುಂಟ ಟೇಪ್ ಎಳೆದರೆ ಓರೆಯಾಗುತ್ತದೆ. ಸ್ಟ್ರೈಕ್‌ಗೆ ನಲವತ್ತು ಡಿಗ್ರಿ ಕೋನದಲ್ಲಿ 30 ಮೀಟರ್ ಎಳೆದಿದ್ದರೆ, ಎಪ್ಪತ್ತು ಡಿಗ್ರಿ ಡಿಪ್‌ಗೆ ನಿಜವಾದ ದಪ್ಪ 18 ಮೀಟರ್ ಚಿಲ್ಲರೆ ಮಾತ್ರ.

ಆ ನಲವತ್ತು ಡಿಗ್ರಿಯನ್ನು ಓದುವುದು ಕಂಪಾಸ್‌ನಿಂದ, ಗೋವಾದ ಕಬ್ಬಿಣದ ಅದಿರಿನ ಪಟ್ಟೆಗಳ ಹತ್ತಿರ ಅದರ ಮುಳ್ಳು ಮನಸ್ಸಿಗೆ ಬಂದ ಕಡೆ ತಿರುಗುತ್ತದೆ. ಮೊಬೈಲ್ ಕಂಪಾಸ್ ಕೂಡ. ಪರೀಕ್ಷೆ ಸುಲಭ: ಟೇಪಿನ ಈ ತುದಿಯಿಂದ ಆ ತುದಿಗೆ ಓದಿ, ಅಲ್ಲಿಂದ ಹಿಂದಕ್ಕೂ ಓದಿ. ಎರಡಕ್ಕೂ 180 ಡಿಗ್ರಿ ಅಂತರ ಬರಲಿಲ್ಲ ಅಂದರೆ ಬಂಡೆ ಆಟ ಆಡುತ್ತಿದೆ. ಆಗ ನಕ್ಷೆಯಲ್ಲಿ ಗೊತ್ತಿರುವ ಚರ್ಚಿನ ಗೋಪುರ, ದೀಪಸ್ತಂಭದ ಕಡೆಗೆ ಕೋನ ಅಳೆದು ದಿಕ್ಕು ತೆಗೆಯಿರಿ. ಬಸಾಲ್ಟ್ ಕೂಡ ಸ್ವಲ್ಪ ಮಟ್ಟಿಗೆ ಇದೇ ಚೇಷ್ಟೆ ಮಾಡುತ್ತದೆ, ಸಿಡಿಲು ಬಡಿದ ಗುಡ್ಡದ ತುದಿಯಲ್ಲಿ ಜಾಸ್ತಿ. ಕಂಪಾಸ್ಸನ್ನು ಬಂಡೆಗೆ ಒತ್ತಿ ಹಿಡಿಯದೆ ಸೊಂಟದೆತ್ತರದಲ್ಲಿ ಹಿಡಿಯಿರಿ.

ಇನ್ನೊಂದು ದೊಡ್ಡ ವಿಷಯ ಮಡಿಕೆ. ಬಂಡೆ ಮಡಚಿದ್ದರೆ ಅದೇ ಪದರ ಎರಡು ಸಲ ಎದುರಾಗುತ್ತದೆ, ಎರಡನ್ನೂ ಕೂಡಿಸಿದರೆ ದಪ್ಪ ದುಪ್ಪಟ್ಟು. ಇದಕ್ಕೆ ಯಾವ ಉಪಕರಣವೂ ಔಷಧಿಯಲ್ಲ, ಮಂಡಿಯೂರಿ ಕೂತು ಕೈ ಮಸೂರದಲ್ಲಿ ನೋಡಬೇಕು. ಗೋವಾದ ಗ್ರೇವಾಕ್ ಮರಳುಗಲ್ಲಿನ ಹಲವು ಪದರಗಳಲ್ಲಿ ಒಂದು ಬದಿಗೆ ದಪ್ಪ ಮರಳು, ಇನ್ನೊಂದು ಬದಿಗೆ ಹೋಗುತ್ತಾ ನುಣ್ಣಗೆ. ದಪ್ಪ ಮರಳಿನ ಬದಿ ಮೂಲತಃ ತಳ. ತಳ ಯಾವ ಕಡೆ ಅಂತ ಪ್ರತಿ ಹತ್ತು ಹದಿನೈದು ಮೀಟರಿಗೊಮ್ಮೆ ಬಾಣ ಹಾಕಿಕೊಳ್ಳಿ. ಬಾಣ ತಿರುಗಿತು ಅಂದರೆ ಮಡಿಕೆ ದಾಟಿದ್ದೀರಿ, ಅಲ್ಲಿಗೆ ಕೂಡಿಸುವುದು ನಿಲ್ಲಿಸಿ. ಮೇಲೆ ಕೂತಿರುವ ಚಿರೆಕಲ್ಲನ್ನು ಒಂದು ಪದರ ಅಂತ ಎಣಿಸಿ ಒಟ್ಟು ದಪ್ಪಕ್ಕೆ ಸೇರಿಸಬೇಡಿ, ಅದು ಕೆಳಗಿನ ಬಂಡೆಯೇ ಕೊಳೆತು ಆದದ್ದು. ದಪ್ಪ ಬೇರೆಯಾಗಿ ಬರೆದಿಡಿ.

ಗಡಿ ಎಲ್ಲಿ ಅಂತ ಮೊದಲು ತೀರ್ಮಾನಿಸಿ

ಟೇಪಾ ಕೋಲಾ ಅಂತ ಚರ್ಚೆ ಮಾಡುವವರು ಈ ವಿಷಯಕ್ಕೆ ಬರುವುದೇ ಕಡಿಮೆ, ಆದರೆ ದೊಡ್ಡ ತಪ್ಪುಗಳು ಇಲ್ಲೇ ಹುಟ್ಟುತ್ತವೆ. ಪುಣೆ ಸುತ್ತಲಿನ ಯಾವುದಾದರೂ ಘಾಟ್ ರಸ್ತೆಯ ಬದಿಯಲ್ಲಿ ಎರಡು ಲಾವಾ ಪದರಗಳ ನಡುವಿನ ಕೆಂಪು ಪಟ್ಟಿ, ರೆಡ್ ಬೋಲ್, ಹತ್ತಿರ ಹೋಗಿ ನೋಡಿ. ಮೇಲಿನ ಲಾವಾದ ತಳ ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ. ಆ ತಳದ ಮೇಲೇ ಬೆರಳುದ್ದದ ಸಣ್ಣ ಕೊಳವೆಗಳು ಸಾಲಾಗಿ ನಿಂತಿರುತ್ತವೆ, ಒಳಗೆ ಬಿಳಿ ಖನಿಜ ತುಂಬಿರುತ್ತದೆ. ಕೆಳಗೆ ಕೆಂಪು ಮಣ್ಣು, ಉಗುರಿನಲ್ಲಿ ಕೆರೆದರೆ ಉದುರುತ್ತದೆ, ಮೇಲಂಚು ಬಿಸಿಗೆ ಸುಟ್ಟು ಗಟ್ಟಿಯಾಗಿರುತ್ತದೆ. ಇನ್ನೂ ಕೆಳಗೆ ಹೋದರೆ ಮಣ್ಣು ಎಲ್ಲಿ ಮುಗಿದು ಕಲ್ಲು ಎಲ್ಲಿ ಶುರು ಅನ್ನೋದೇ ತಿಳಿಯುವುದಿಲ್ಲ. ಕೆಳಗಿನ ಲಾವಾದ ತೂತು ತೂತು ತಲೆಯೊಳಗೆ ಕೆಂಪು ಇಳಿದಿರುತ್ತದೆ, ನಡುನಡುವೆ ಕೊಳೆತ ಕಲ್ಲಿನ ಉಂಡೆಗಳು.

ಅಂದರೆ ಮೇಲಿನ ಗಡಿಯನ್ನು ಒಂದು ಸೆಂಟಿಮೀಟರ್ ಒಳಗೆ ಹೇಳಬಹುದು, ಕೆಳಗಿನದನ್ನು ಇಪ್ಪತ್ತು ಮೂವತ್ತು ಸೆಂಟಿಮೀಟರ್ ಒಳಗೆ ಹೇಳುವುದೂ ಕಷ್ಟ. ಪಟ್ಟಿಯ ದಪ್ಪ ಒಬ್ಬರಿಗೆ 40, ಇನ್ನೊಬ್ಬರಿಗೆ 80 ಸೆಂಟಿಮೀಟರ್ ಬಂದರೆ ಇಬ್ಬರ ಟೇಪೂ ಸರಿಯೇ ಇತ್ತು. ನೀವು ಯಾವ ಲಕ್ಷಣ ನೋಡಿ ಗಡಿ ಅಂದಿರಿ ಅನ್ನೋದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ.

ಇನ್ನೊಂದು: ಎಲ್ಲ ಲಾವಾವೂ ಹತ್ತಾರು ಮೀಟರ್ ದಪ್ಪದ ಒಂದೇ ಹಾಸಾಗಿ ಇರುವುದಿಲ್ಲ. ಕೆಲವು ಕಡೆ ಒಂದೆರಡು ಮೀಟರಿನ ಸಣ್ಣ ನಾಲಿಗೆಗಳು ಒಂದರ ಮೇಲೊಂದು ಏರಿ ಕೂತಿರುತ್ತವೆ. ಪ್ರತಿಯೊಂದನ್ನೂ ಅಳೆಯಲು ಹೊರಟರೆ ವಾರ ಸಾಲದು, ಹತ್ತು ಮೀಟರ್ ಪಕ್ಕಕ್ಕೆ ಸರಿದರೆ ಅಂಕಿಗಳೆಲ್ಲ ಬದಲು. ಅಲ್ಲಿ ಒಟ್ಟು ಗುಂಪಿನ ದಪ್ಪ ಅಳೆದು, ಒಂದು ಚೆನ್ನಾಗಿ ಕಾಣುವ ಭಾಗವನ್ನು ಮಾತ್ರ ವಿವರವಾಗಿ ಬರೆದರೆ ಸಾಕು. ಬಾದಾಮಿಯ ಮರಳುಗಲ್ಲಿನಲ್ಲಿ ಫೀಲ್ಡ್ ಕಲಿತು ಬಂದವರಿಗೆ ಇದು ಒಗ್ಗಲು ಸ್ವಲ್ಪ ದಿನ ಹಿಡಿಯುತ್ತದೆ.

ಬರೆಯುವುದು ಎಲ್ಲಿ: ಡೈರಿ, ಗ್ರಾಫ್ ಹಾಳೆ, ಆ್ಯಪ್

ಮೂರರಲ್ಲಿ ಒಂದೇ ಆರಿಸಿ ಅಂದರೆ ನಾನು ಗ್ರಾಫ್ ಹಾಳೆಯನ್ನೇ ಆರಿಸುತ್ತೇನೆ. ಒಂದು ಸೆಂಟಿಮೀಟರಿಗೆ ಒಂದು ಮೀಟರ್ ಅಂತ ಅಳತೆ ಇಟ್ಟು, ಬಂಡೆಯ ಮುಂದೆಯೇ ಪದರಗಳನ್ನು ಒಂದರ ಮೇಲೊಂದು ತೋರಿಸುವ ಕಂಬದ ಚಿತ್ರ ಬರೆಯುತ್ತಾ ಹೋದರೆ ಬಿಟ್ಟುಹೋದ ಜಾಗ ಕಣ್ಣಿಗೆ ಹೊಡೆಯುತ್ತದೆ. ಬರಿ ಡೈರಿಯಲ್ಲಿ ಸಾಲು ಸಾಲು ಬರೆದರೆ ಹಾಸ್ಟೆಲ್‌ಗೆ ಬಂದ ಮೇಲೆ ಐದನೇ ಪದರ, ಏಳನೇ ಪದರ ಇವೆ, ಆರು ಎಲ್ಲಿ ಅಂತ ಹುಡುಕುವ ಪಾಡು. ಡೈರಿಯೇ ಬೇಕೆನ್ನುವವರು ಪುಟದಲ್ಲಿ ಕಂಬ ಹಾಕಿಕೊಳ್ಳಿ, ಕೆಳಗಿನಿಂದ ಮೇಲಕ್ಕೆ ಬರೆಯಿರಿ, ಬಂಡೆ ಇರುವುದೂ ಹಾಗೆಯೇ ಅಲ್ವಾ. ಒಂದು ಸಾಲು ಹೀಗಿರಲಿ:

ಪದರ 7. ತಳ 31.4 ಮೀ, ತಲೆ 32.0 ಮೀ, ಟೇಪ್. ಕೆಂಪು ಮಣ್ಣು, ಮೇಲಂಚು ಗಟ್ಟಿ. ಮೇಲಿನ ಗಡಿ ಸ್ಪಷ್ಟ, ಕೆಳಗಿನದು ನಿಧಾನ, ±0.2. ಮಾದರಿ 7ಅ, 31.7 ಮೀಟರಿನಲ್ಲಿ. ಫೋಟೋ 112.

ಯಾವುದರಿಂದ ಅಳೆದಿರಿ ಅನ್ನೋದು, ಮಾದರಿ ಯಾವ ಎತ್ತರದಿಂದ ಅನ್ನೋದು ಬಿಟ್ಟುಹೋಗಬಾರದು. ಪೋಲಾದ್‌ಪುರ, ಅಂಬೆನಳಿ, ಮಹಾಬಳೇಶ್ವರ ಅಂತ ಹೆಸರಿಟ್ಟಿರುವ ಲಾವಾ ಗುಂಪುಗಳನ್ನು ಬೇರೆ ಮಾಡುವುದು ಬಹುಪಾಲು ಅವುಗಳ ರಾಸಾಯನಿಕ ಗುಣದಿಂದ, ಬರಿ ಕಣ್ಣಿಗೆ ಎಲ್ಲವೂ ಕರಿಕಲ್ಲೇ. ಎತ್ತರ ಬರೆಯದ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟರೆ ಬಂದ ಅಂಕಿಯನ್ನು ಗುಡ್ಡದಲ್ಲಿ ಎಲ್ಲಿ ಇಡುತ್ತೀರಿ? ಹುಲ್ಲು ಮಣ್ಣು ಮುಚ್ಚಿದ ಭಾಗವನ್ನೂ ಅಳೆದು "ಮುಚ್ಚಿದೆ, 4.5 ಮೀ" ಅಂತಲೇ ಬರೆಯಿರಿ. ಊಹೆ ಮಾಡಿ ಬಸಾಲ್ಟ್ ಅಂತ ತುಂಬಬೇಡಿ.

ಆ್ಯಪ್‌ಗಳಲ್ಲಿ ಫೀಲ್ಡ್‌ಮೂವ್ ಕ್ಲೈನೋ, ಸ್ಟ್ರಾಬೋಸ್ಪಾಟ್ ಇವೆ. ಫೋಟೋ, ಜಾಗ, ಡಿಪ್ ಎಲ್ಲ ಒಂದೇ ಕಡೆ ಸೇರುತ್ತದೆ, ಅದು ನಿಜಕ್ಕೂ ಅನುಕೂಲ. ಮೊಬೈಲ್‌ನ ವಾಲು ಅಳೆಯುವ ಸೆನ್ಸರ್ ಸಾಕಷ್ಟು ಒಳ್ಳೆಯದು, ದಿಕ್ಕು ಹೇಳುವ ಸೆನ್ಸರ್ ಅಷ್ಟು ನಂಬಿಕಸ್ಥ ಅಲ್ಲ, ಅಯಸ್ಕಾಂತದ ಮುಚ್ಚಳ ಇರುವ ಕವರ್ ಹಾಕಿದ್ದರೆ ಕೇಳಲೇಬೇಡಿ. ಮೇ ತಿಂಗಳ ಬಿಸಿಲಿಗೆ ಕರಿಬಂಡೆಯ ಮೇಲಿಟ್ಟ ಮೊಬೈಲ್ ಕಾದು ಆಫ್ ಆಗುತ್ತದೆ, ಮಳೆಗಾಲದಲ್ಲಿ ಒದ್ದೆ ಬೆರಳಿಗೆ ಸ್ಕ್ರೀನ್ ಸ್ಪಂದಿಸುವುದಿಲ್ಲ. ಪೆನ್ಸಿಲ್‌ಗೆ ಈ ಯಾವ ತೊಂದರೆಯೂ ಇಲ್ಲ. ಫೀಲ್ಡ್‌ನಲ್ಲಿ ಕಾಗದ, ರಾತ್ರಿ ಕೂತು ಕಂಪ್ಯೂಟರ್. ಚೆಂದವಾಗಿ ಚಿತ್ರ ಬೇಕಿದ್ದರೆ ಸೆಡ್‌ಲಾಗ್ ಅನ್ನೋ ಉಚಿತ ತಂತ್ರಾಂಶ ಇದೆ, ಮರಳುಗಲ್ಲಿನಂಥ ಬಂಡೆಗಳಿಗೆಂದು ಮಾಡಿದ್ದು, ಲಾವಾಕ್ಕೆ ಸ್ವಲ್ಪ ಒಗ್ಗಿಸಿಕೊಳ್ಳಬೇಕು.

ಲೇಸರ್, ಡ್ರೋನ್

ಲೇಸರ್ ದೂರಮಾಪಕ ಹತ್ತಲಾಗದ ಗೋಡೆಗೆ ಒಳ್ಳೆಯದು. ಆದರೆ ಕರಿ ಬಸಾಲ್ಟ್ ಬೆಳಕನ್ನು ಕಡಿಮೆ ವಾಪಸ್ ಕಳಿಸುತ್ತದೆ, ಪೆಟ್ಟಿಗೆಯ ಮೇಲೆ ಬರೆದಷ್ಟು ದೂರ ನಡು ಮಧ್ಯಾಹ್ನ ಸಿಗುವುದಿಲ್ಲ. 60 ಮೀಟರ್ ದೂರದಿಂದ ಕೋನದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಅರ್ಧ ಮೀಟರ್ ಹೋಯಿತು. ದಪ್ಪ ಲಾವಾಕ್ಕೆ ನಡೆಯುತ್ತದೆ, ಕೆಂಪು ಪಟ್ಟಿಗೆ ನಡೆಯುವುದಿಲ್ಲ.

ಡ್ರೋನ್ ವಿಷಯ ವಿದ್ಯಾರ್ಥಿಗಳಿಗೆ ನಾನು ಹೇಳುವುದೇ ಇಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಕೊಳ್ಳಬೇಕು, ಪುಣೆಯ ಸುತ್ತ ಲೋಹಗಾಂವ್ ವಾಯುನೆಲೆ, ಖಡಕ್‌ವಾಸ್ಲಾದ ಸೇನಾ ಅಕಾಡೆಮಿ, ಗೋವಾದಲ್ಲಿ ದಾಬೋಳಿಯ ನೌಕಾನೆಲೆ. ಸುಮ್ನೆ ಯಾಕೆ ಪೊಲೀಸ್ ಠಾಣೆ. ಎದುರು ಗುಡ್ಡದಿಂದ ಜೂಮ್ ಫೋಟೋ ತೆಗೆದು, ಗೋಡೆಯ ಬುಡದಲ್ಲಿ ಗುರುತು ಹಾಕಿದ ಕೋಲು ಹಿಡಿದು ಗೆಳೆಯನನ್ನು ನಿಲ್ಲಿಸಿದರೆ ಮುಕ್ಕಾಲು ಕೆಲಸ ಆಗುತ್ತದೆ. ಕೋಲು ಗೋಡೆಗೆ ಅಂಟಿಕೊಂಡೇ ಇರಬೇಕು, ಮುಂದೆ ಬಂದರೆ ಕೋಲು ದೊಡ್ಡದಾಗಿ ಕಂಡು ಪದರದ ಅಳತೆ ಕುಗ್ಗುತ್ತದೆ.

ಕೊಳ್ಳುವವರಿಗೆ

30 ಮೀಟರಿನ ಫೈಬರ್ ಟೇಪ್ ತೊಗೊಳ್ಳಿ, ಉಕ್ಕಿನದು ಬೇಡ. ಅದು ಕಲ್ಲಿಗೆ ಸಿಕ್ಕಿ ಮುರಿಯುತ್ತದೆ, ಕಡಲ ನೀರಿಗೆ ತುಕ್ಕು ಹಿಡಿಯುತ್ತದೆ, ಕಂಪಾಸ್ ಹತ್ತಿರ ತಂದರೆ ಮುಳ್ಳನ್ನೂ ಎಳೆಯುತ್ತದೆ. ಕೋಲಿಗೆ ಹಾರ್ಡ್‌ವೇರ್ ಅಂಗಡಿಯ ಒಂದೂವರೆ ಮೀಟರ್ ಪಿವಿಸಿ ಪೈಪ್, ಹತ್ತು ಸೆಂಟಿಮೀಟರಿಗೊಮ್ಮೆ ಕೆಂಪು ಬಿಳಿ ಟೇಪ್. ಗ್ರಾಫ್ ಹಾಳೆ, ಗಟ್ಟಿ ರಟ್ಟಿನ ಡೈರಿ, ಪೆನ್ಸಿಲ್ ಎಲ್ಲಕ್ಕೂ ಪುಣೆಯಲ್ಲಿ ಅಪ್ಪಾ ಬಳವಂತ ಚೌಕ್ ಇದೆ. ಬ್ರಂಟನ್ ದುಬಾರಿ, ವಿಭಾಗದಲ್ಲಿ ಇದ್ದೇ ಇರುತ್ತದೆ, ಸಹಿ ಹಾಕಿ ತೊಗೊಳ್ಳಿ.

ಸಹಿ ಹಾಕುವ ಮುಂಚೆ ಅಂಗಳದಲ್ಲೇ ಒಂದು ಪರೀಕ್ಷೆ ಮಾಡಿ. ಹತ್ತು ಮೀಟರ್ ದೂರದ ಎರಡು ಮರಗಳು ಸಾಕು. ಮೊದಲ ಮರದ ಮೇಲೆ ಕಣ್ಣೆತ್ತರಕ್ಕೆ ಗುರುತು ಹಾಕಿ, ಅಲ್ಲಿಂದ ಸೊನ್ನೆ ಡಿಗ್ರಿಯಲ್ಲಿ ನೋಡಿ ಎರಡನೇ ಮರದ ಮೇಲೆ ಗೆಳೆಯನಿಂದ ಗುರುತು ಹಾಕಿಸಿ. ಈಗ ಎರಡನೇ ಮರದ ಗುರುತಿಗೆ ಕಣ್ಣಿಟ್ಟು ಹಿಂದಕ್ಕೆ ನೋಡಿ. ಮೊದಲ ಗುರುತಿಗೇ ಬಂದರೆ ಉಪಕರಣ ಸರಿ. ಮೇಲೆಯೋ ಕೆಳಗೋ ಬಂದರೆ ಆ ಅಂತರದ ಅರ್ಧ, ಹತ್ತು ಮೀಟರಿಗೆ ಅದು ಮಾಡುವ ತಪ್ಪು. ಅದನ್ನು ಡೈರಿಯ ಮೊದಲ ಪುಟದಲ್ಲಿ ಬರೆದುಕೊಳ್ಳಿ, ಇಲ್ಲಾ ಇನ್ನೊಂದು ಬ್ರಂಟನ್ ಕೇಳಿ.